ನಂಬ್ರ ಯಾರದು?

ಉಪ್ಪುಂದ ಎಂಬ ಊರು ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ, ಕಡಲಿನ ಮಗ್ಗುಲಲ್ಲಿ, ಅಜ್ಜಂದಿರ ಕಾಲದಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಆದರೆ ಮೂರು ದಶಕಗಳೊಳಗೆ ಅದರ ವಿಳಾಸ ಮೂರು ಸಲ ಬದಲಾಗಿದೆ. 1997ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂಬ ಸಾಲು ಹೋಗಿ ಉಡುಪಿ ಜಿಲ್ಲೆ ಎಂಬ ಸಾಲು ಬಂತು. ರಾಷ್ಟ್ರೀಯ ಹೆದ್ದಾರಿ 17 ಎಂದಿದ್ದದ್ದು 66 ಎಂದಾಯಿತು. 2018ರಲ್ಲಿ ಕುಂದಾಪುರ ತಾಲೂಕಿನಿಂದ ಕಳಚಿಕೊಂಡು ಬೈಂದೂರು ತಾಲೂಕಿಗೆ ಸೇರಿತು. ಅಂಗುಲವೂ ಕದಲದ ಊರಿಗೆ ಇಷ್ಟೆಲ್ಲ ಬದಲಾವಣೆ.

ಆ ಊರಿನವರ ಕಿಸೆಯಲ್ಲಿರುವ ಮೊಬೈಲ್ ಫೋನಿನ ಕಥೆ ಇದಕ್ಕೆ ಸರೀ ತಿರುಗುಮುರುಗು. ಅಲ್ಲಿ ಕಂಪೆನಿ ಬದಲಾಯಿತು, ಟವರ್ ಬದಲಾಯಿತು, ಸಿಮ್ ಕಾರ್ಡ್ ಬದಲಾಯಿತು, ಫೋನಂತೂ ಎಷ್ಟು ಸಲ ಬದಲಾಯಿತೆಂದು ಲೆಕ್ಕವಿಟ್ಟವರಿಲ್ಲ. ಹತ್ತು ಅಂಕಿಗಳ ಆ ಒಂದು ಸಾಲು ಮಾತ್ರ ಬದಲಾಗಬಾರದು ಎಂಬುದು ಎಲ್ಲರ ಹಟ. ಕರಾವಳಿಯ ಹಳೆಯ ಕಾಗದಪತ್ರಗಳ ಭಾಷೆಯಲ್ಲಿ ಹೇಳುವುದಾದರೆ 'ನಂಬ್ರ' ಉಳಿಯಬೇಕು.

ಈ ಹಟಕ್ಕೆ ಕಾರಣವಿದೆ. ಬೈಂದೂರು, ಕುಂದಾಪುರ ಕಡೆಯ ಮನೆಗಳಲ್ಲಿ ಯಾರಾದರೊಬ್ಬರು ಊರು ಬಿಟ್ಟಿರುವುದು ಹೊಸತಲ್ಲ. ಬೆಂಗಳೂರಿನ ಬೇಕರಿ, ಮುಂಬಯಿಯ ಹೋಟೆಲು, ಹೈದರಾಬಾದು, ಕೊಲ್ಲಿ ದೇಶಗಳು, ಇಲ್ಲವಾದರೆ ಮಲ್ಪೆ, ಗಂಗೊಳ್ಳಿಯ ಬೋಟು. ಊರಲ್ಲಿ ಉಳಿದವರು ತಾಯಂದಿರು. ಅವರಿಗೆ ಮಗನೆಂದರೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನಿನಿಂದ ದಪ್ಪಗೆ ಬರೆದಿಟ್ಟ ಹತ್ತು ಅಂಕಿ. ವರ್ಷ ಮುಗಿದು ಕ್ಯಾಲೆಂಡರ್ ಬದಲಾದಾಗ ಹೊಸದರ ಹಿಂದೆಯೂ ಮೊದಲು ಬರೆಯುವುದು ಅದನ್ನೇ. ದುರ್ಗಾಪರಮೇಶ್ವರಿ ದೇವಸ್ಥಾನದ ರಥೋತ್ಸವಕ್ಕೆ ಬಂದ ನೆಂಟರ ಡೈರಿಯಲ್ಲಿ, ಸೊಸೈಟಿಯ ಪಾಸ್‌ಬುಕ್ಕಿನಲ್ಲಿ, ಮದುವೆಯ ಕರೆಯೋಲೆಯ ಮೂಲೆಯಲ್ಲಿ ಅಚ್ಚಾದದ್ದೂ ಅದೇ. ಈಗ ಬ್ಯಾಂಕಿನ ಖಾತೆ, ಆಧಾರ್, ಅಡುಗೆ ಅನಿಲ ಎಲ್ಲವೂ ಅದಕ್ಕೇ ಜೋಡಣೆಯಾಗಿವೆ. ಇಷ್ಟೆಲ್ಲವನ್ನೂ ಹೊತ್ತುಕೊಂಡಿರುವ ನಂಬರನ್ನು ಕೊಟ್ಟ ಕಂಪೆನಿಯೇ ಒಂದು ಬೆಳಗ್ಗೆ ಬಾಗಿಲು ಹಾಕಿದರೆ?

2017 ಮತ್ತು 2018ರಲ್ಲಿ ದೇಶದ ಕೋಟ್ಯಂತರ ಜನರಿಗೆ ಈ ಪ್ರಶ್ನೆ ಎದುರಾಯಿತು. ಉತ್ತರ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಕಿಗಳಲ್ಲಿ ಮನೆತನ

ಮೊಬೈಲಿಗಿಂತ ಮುಂಚೆ ನಂಬರೆಂದರೆ ತಂತಿಯ ತುದಿ. ಕುಂದಾಪುರ ಸೀಮೆಗೆಲ್ಲ 08254 ಎಂಬ ಎಸ್‌ಟಿಡಿ ಕೋಡು. ಅದರ ಮುಂದಿನ ಅಂಕಿಗಳು ಯಾವ ಎಕ್ಸ್‌ಚೇಂಜು, ಯಾವ ಮನೆ ಎಂಬುದನ್ನು ಹೇಳುತ್ತಿದ್ದವು. ಫೋನು ಇದ್ದ ಮನೆಗೆ ಹತ್ತು ಮನೆಯವರ ಕರೆ ಬರುತ್ತಿತ್ತು. ರಾತ್ರಿ ದರ ಇಳಿಯುವ ಹೊತ್ತಿಗೆ ಎಸ್‌ಟಿಡಿ ಬೂತಿನ ಮುಂದೆ ಸಾಲು. ನಂಬರು ಆಗ ಜಾಗಕ್ಕೆ ಸೇರಿದ್ದು, ವ್ಯಕ್ತಿಗಲ್ಲ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದಿಲ್ಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮೊಬೈಲಿನಲ್ಲಿ ಮಾತನಾಡಿದರು. ಅದಾದ ಮೇಲೆ ಕರ್ನಾಟಕ ವಲಯಕ್ಕೆ ಇಬ್ಬರು ಗುತ್ತಿಗೆದಾರರು ಬಂದರು: ಜೆಟಿಎಂ ಮತ್ತು ಸ್ಪೈಸ್. ಹೊರಹೋಗುವ ಕರೆಗೂ ದುಡ್ಡು, ಒಳಬರುವ ಕರೆಗೂ ದುಡ್ಡು ಎಂಬ ಕಾಲ ಅದು. ಫೋನು ರಿಂಗಾದರೆ ತೆಗೆಯಲು ಹೆದರುತ್ತಿದ್ದವರಿದ್ದರು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ.

ಸರ್ಕಾರ ಕಂಪೆನಿಗಳಿಗೆ ನಂಬರುಗಳನ್ನು ಒಂದೊಂದಾಗಿ ಕೊಡುವುದಿಲ್ಲ; ಲಕ್ಷಗಟ್ಟಲೆಯ ಕಟ್ಟುಗಳಾಗಿ ಕೊಡುತ್ತದೆ. ಕರ್ನಾಟಕದಲ್ಲಿ 9844ರಿಂದ ಆರಂಭವಾಗುವ ಕಟ್ಟು ಸ್ಪೈಸ್‌ಗೆ, 9845 ಜೆಟಿಎಂಗೆ ಸಿಕ್ಕಿತು. ಮುಂದೆ 9886 ಹಚ್‌ಗೆ, 9448 ಬಿಎಸ್ಸೆನ್ನೆಲ್‌ಗೆ. ಹೆಸರಿನ ಹಿಂದಿನ ಮನೆತನದ ಹೆಸರು ಕೇಳಿ ಯಾರ ಪೈಕಿ ಎಂದು ಹಿರಿಯರು ಹೇಳಿಬಿಡುವ ಹಾಗೆ, ಮೊದಲ ನಾಲ್ಕು ಅಂಕಿ ನೋಡಿದರೆ ಫೋನು ಯಾವ ಕಂಪೆನಿಯದು ಎಂದು ತಿಳಿಯುತ್ತಿತ್ತು. ಜನರಿಗೆ ಮಾತ್ರವಲ್ಲ, ಯಂತ್ರಕ್ಕೂ ತಿಳಿಯುತ್ತಿದ್ದದ್ದು ಹಾಗೆಯೇ. 9844 ಎಂದು ಒತ್ತಿದೊಡನೆ ಎಕ್ಸ್‌ಚೇಂಜು ಕರೆಯನ್ನು ಸ್ಪೈಸ್ ಬಾಗಿಲಿಗೆ ತಳ್ಳಿ ಕೈತೊಳೆದುಕೊಳ್ಳುತ್ತಿತ್ತು.

2002ರ ಅಕ್ಟೋಬರಿನಲ್ಲಿ ಬಿಎಸ್ಸೆನ್ನೆಲ್ ಮೊಬೈಲು ಬಂತು. ಅದೇ ವರ್ಷದ ಕೊನೆಯಲ್ಲಿ ರಿಲಯನ್ಸ್ ಇಂಡಿಯಾ ಮೊಬೈಲಿನ ಘೋಷಣೆಯಾಗಿ, 2003ರ ಮಳೆಗಾಲದಲ್ಲಿ 501 ರೂಪಾಯಿಗೆ ಫೋನು ಎಂಬ ಯೋಜನೆ ಹೊರಟಿತು. ಮೊಬೈಲು ದೊಡ್ಡವರ ಕಿಸೆಯಿಂದ ಮೀನಿನ ಬುಟ್ಟಿಯವರೆಗೂ ಬಂದದ್ದು ಆ ವರ್ಷಗಳಲ್ಲಿ. ಆಮೇಲೆ ಟಾಟಾ ಇಂಡಿಕಾಂ, ಏರ್‌ಸೆಲ್, ಎಂಟಿಎಸ್, ಯುನಿನಾರ್. 2009ರಲ್ಲಿ ಸೆಕೆಂಡಿಗೆ ಒಂದು ಪೈಸೆ ಎಂದು ಟಾಟಾ ಡೊಕೊಮೊ. ಒಂದು ಸಣ್ಣ ಪೇಟೆಯ ರೀಚಾರ್ಜ್ ಅಂಗಡಿಯ ಮುಂದೆ ಹತ್ತು ಕಂಪೆನಿಗಳ ಬಣ್ಣದ ಫಲಕ ತೂಗಾಡುತ್ತಿದ್ದ ಕಾಲ ಇದು. ಹೆಚ್ಚಿನವು ಈಗ ಬಿಸಿಲು ಮಳೆಗೆ ಬಣ್ಣ ಕಳೆದುಕೊಂಡಿವೆ. ಕೆಲವು ದನದ ಕೊಟ್ಟಿಗೆಗೆ ಮರೆಯಾಗಿ ಇನ್ನೂ ಉಪಯೋಗಕ್ಕಿವೆ.

ಈ ಕಂಪೆನಿಗಳೆಲ್ಲ ಒಂದೇ ರೀತಿಯಲ್ಲಿ ಮರೆಯಾದವು ಎಂದು ತಿಳಿಯಬಾರದು. ಕೆಲವು ಮಾರಾಟವಾದವು, ಕೆಲವು ಸತ್ತವು. ಗಿರಾಕಿಯ ಪಾಲಿಗೆ ಎರಡಕ್ಕೂ ಬಹಳ ವ್ಯತ್ಯಾಸ. ಜೆಟಿಎಂ 1999ರಲ್ಲಿ ಭಾರ್ತಿಯ ಕೈಸೇರಿ ಏರ್‌ಟೆಲ್ ಆಯಿತು. ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು. ಐಡಿಯಾ 2018ರ ಆಗಸ್ಟಿನಲ್ಲಿ ವೊಡಾಫೋನ್ ಜೊತೆ ಸೇರಿತು. ಎರಡೂ ಸೇರಿ 2020ರ ಸೆಪ್ಟೆಂಬರಿನಲ್ಲಿ 'ವಿಐ' ಎಂಬ ಹೆಸರಿಟ್ಟುಕೊಂಡವು. 1990ರ ದಶಕದಲ್ಲಿ 9844 ನಂಬರು ಕೊಂಡವರು ಏನೂ ಮಾಡದೆ ಮೂರು ಹೆಸರು ಕಂಡರು. ಟಾಟಾ ಡೊಕೊಮೊದ ಗಿರಾಕಿಗಳೂ ಹೀಗೆಯೇ ಏರ್‌ಟೆಲ್ ಮಡಿಲಿಗೆ ಬಿದ್ದರು; ಆ ವಿಲೀನ 2017ರಲ್ಲಿ ಪ್ರಕಟವಾಗಿ 2019ರ ಜುಲೈಯಲ್ಲಿ ಪೂರ್ತಿಯಾಯಿತು. ಕೊಟ್ಟಿಗೆ ಮಾರಿದರೆ ದನಗಳೂ ಜೊತೆಗೆ ಹೋಗುವ ಹಾಗೆ. ಕಷ್ಟ ಇರುವುದು ಕೊಟ್ಟಿಗೆಯನ್ನು ಯಾರೂ ಕೊಳ್ಳದಿದ್ದಾಗ.

ಗೇಣಿಯ ಲೆಕ್ಕ

ನಂಬರಿನ ಒಡೆಯ ಯಾರು ಎಂದು ಕೇಳಿದರೆ ಹೆಚ್ಚಿನವರು 'ನನ್ನದು' ಎನ್ನುತ್ತಾರೆ. ಕಂಪೆನಿ 'ನಮ್ಮದು' ಎನ್ನಬಹುದು. ಎರಡೂ ಸರಿಯಲ್ಲ. ನಂಬರುಗಳು ರಾಷ್ಟ್ರದ ಸೊತ್ತು. ದೂರಸಂಪರ್ಕ ಇಲಾಖೆ ಅವನ್ನು ಕಂಪೆನಿಗಳಿಗೆ ಹಂಚುತ್ತದೆ, ಕಂಪೆನಿ ಗಿರಾಕಿಗೆ ಬಳಸಲು ಕೊಡುತ್ತದೆ. ಗಿರಾಕಿಯ ಕೈಯಲ್ಲಿರುವುದು ಒಡೆತನವಲ್ಲ, ಅನುಭೋಗದ ಹಕ್ಕು.

ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೂಮಿಯ ವಿಷಯದಲ್ಲಿ ಅವರು ಮೂಲಗೇಣಿ, ಚಾಲಗೇಣಿ ಎಂಬ ಎರಡನ್ನೂ ಕಂಡವರು. ಮೂಲಗೇಣಿಯವನ ಹಕ್ಕು ಕಾಯಂ. ಗೊತ್ತಾದ ಗೇಣಿ ಕೊಟ್ಟುಕೊಂಡು ತಲೆತಲಾಂತರ ಅನುಭವಿಸಬಹುದು. ಚಾಲಗೇಣಿಯವನು ಧನಿ ಎದ್ದೇಳು ಎಂದ ದಿನ ಏಳಬೇಕು. 2011ಕ್ಕೆ ಮುಂಚೆ ಭಾರತದ ಮೊಬೈಲ್ ಗಿರಾಕಿಯ ಸ್ಥಿತಿ ಚಾಲಗೇಣಿಯದು. ಸೇವೆ ಕೆಟ್ಟಿದ್ದರೆ ಕಂಪೆನಿ ಬಿಡಬಹುದಿತ್ತು, ಆದರೆ ನಂಬರನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ನೆಟ್ಟ ತೆಂಗಿನ ಮರಗಳನ್ನು ಬಿಟ್ಟು ಹೊರಟ ಹಾಗೆ. ಆ ಭಯದಿಂದಲೇ ಬಹಳ ಮಂದಿ ಸಿಗ್ನಲ್ ಸಿಗದ ಕಂಪೆನಿಗೆ ಜೋತುಬಿದ್ದು, ಮಾತಾಡಬೇಕಾದಾಗ ಅಂಗಳದ ಮೂಲೆಗೋ ಗುಡ್ಡದ ತಲೆಗೋ ಹೋಗುತ್ತಿದ್ದರು. ಗಿರಾಕಿ ಉಳಿದದ್ದು ಸೇವೆಯ ಗುಣದಿಂದಲ್ಲ, ನಂಬರಿನ ಹಗ್ಗದಿಂದ ಎಂಬುದು ಕಂಪೆನಿಗಳಿಗೂ ಗೊತ್ತಿತ್ತು.

ಹಗ್ಗ ಬಿಚ್ಚುವ ಕೆಲಸ ಬೇರೆ ದೇಶಗಳಲ್ಲಿ ಮೊದಲೇ ಆಗಿತ್ತು. ಸಿಂಗಪುರ 1997ರಲ್ಲಿ ಆರಂಭಿಸಿತು. ಹಾಂಗ್‌ಕಾಂಗ್ ಮತ್ತು ಬ್ರಿಟನ್ 1999ರಲ್ಲಿ, ಅಮೆರಿಕ 2003ರಲ್ಲಿ ಮೊಬೈಲ್ ನಂಬರನ್ನು ಬೇರೆ ಕಂಪೆನಿಗೆ ಒಯ್ಯುವ ಹಕ್ಕು ಕೊಟ್ಟವು. ಪಾಕಿಸ್ತಾನದಲ್ಲಿ 2007ರಲ್ಲೇ ಇದು ಜಾರಿಯಾಯಿತು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲೇ ಶಿಫಾರಸು ಮಾಡಿದ್ದರೂ ಗಡುವು ಮುಂದಕ್ಕೆ ಮುಂದಕ್ಕೆ ಹೋಗಿ, ಕೊನೆಗೆ 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲ ಪ್ರಯೋಗವಾಯಿತು. 2011ರ ಜನವರಿ 20ರಂದು ಇಡೀ ದೇಶಕ್ಕೆ ಬಂತು. ಆಗ ಕರ್ನಾಟಕದ ನಂಬರು ಕರ್ನಾಟಕದೊಳಗೆ ಮಾತ್ರ ಕಂಪೆನಿ ಬದಲಿಸಬಹುದಿತ್ತು. ಮುಂಬಯಿಯಲ್ಲಿ ಹತ್ತು ವರ್ಷ ದುಡಿದು ಊರಿಗೆ ಮರಳಿದವರು ಮುಂಬಯಿ ನಂಬರನ್ನು ಊರಿನ ನಂಬರನ್ನಾಗಿ ಮಾಡಿಕೊಳ್ಳಲು 2015ರ ಜುಲೈ 3ರ ತನಕ ಕಾಯಬೇಕಾಯಿತು.

ಗೇಣಿಯ ಹೋಲಿಕೆ ಇಲ್ಲಿಗೆ ಮುಗಿಯುವುದಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಉಳುವವನಿಗೆ ಭೂಮಿ ಎಂದಾಯಿತು ನಿಜ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರಲಿಲ್ಲ. ಏಳನೆಯ ನಮೂನೆಯಲ್ಲಿ ಗಡುವಿನೊಳಗೆ ಅರ್ಜಿ ಕೊಡಬೇಕಿತ್ತು. ಕರಾವಳಿಯಲ್ಲಿ 'ಡಿಕ್ಲರೇಶನ್ ಕೊಡುವುದು' ಎಂಬ ಮಾತು ಹುಟ್ಟಿದ್ದು ಹಾಗೆ. ಧನಿಯ ಮೇಲಿನ ದಾಕ್ಷಿಣ್ಯಕ್ಕೋ, ತಿಳಿಯದೆಯೋ, ಊರಲ್ಲಿಲ್ಲದೆಯೋ ಕೊಡದವರ ಹಕ್ಕು ಕಾಗದದಲ್ಲೇ ಉಳಿಯಿತು. ನಂಬರಿನ ಹಕ್ಕು ಕೂಡ ಇದೇ ಜಾತಿಯದು. ಕೇಳಿದವನಿಗೆ ಉಂಟು, ಅದೂ ಗಡುವಿನೊಳಗೆ ಕೇಳಿದವನಿಗೆ.

ಕರೆ ದಾರಿ ಹಿಡಿಯುವ ಬಗೆ

ನಂಬರು ಹೊಸ ಕಂಪೆನಿಗೆ ಹೋದ ಮೇಲೆ ಕರೆಗೆ ದಾರಿ ಹೇಗೆ ತಿಳಿಯುತ್ತದೆ ಎಂಬುದು ಕುತೂಹಲದ ಸಂಗತಿ. 9844 ಕಂಡೊಡನೆ ಸ್ಪೈಸ್‌ನ ಬಾಗಿಲಿಗೆ ತಳ್ಳುವ ಹಳೆಯ ಕ್ರಮ ಇನ್ನು ನಡೆಯುವುದಿಲ್ಲ. ಊರಿನ ಅಂಚೆಯಣ್ಣನನ್ನು ನೆನೆಯಬಹುದು. ಕಾಗದದ ಮೇಲೆ ಹಳೆಯ ಮನೆಯ ಹೆಸರೇ ಇರುತ್ತದೆ. ಆ ಕುಟುಂಬ ಪೇಟೆಯ ಹತ್ತಿರ ಹೊಸ ಮನೆ ಕಟ್ಟಿ ಹೋದದ್ದು ಅವನಿಗೆ ಗೊತ್ತು. ಕಾಗದ ಹಳೆಯ ಮನೆಯ ಮೆಟ್ಟಿಲು ಹತ್ತದೆ ನೇರ ಹೊಸ ಮನೆ ಸೇರುತ್ತದೆ. ಮೊಬೈಲ್ ಜಾಲದಲ್ಲಿ ಈ ಅಂಚೆಯಣ್ಣನ ತಲೆಯಿದ್ದ ಹಾಗೆ ಒಂದು ದೊಡ್ಡ ದಾಖಲೆ ಪುಸ್ತಕವಿದೆ. ದೇಶವನ್ನು ಎರಡು ವಲಯ ಮಾಡಿ, ಎರಡು ಸ್ವತಂತ್ರ ಸಂಸ್ಥೆಗಳಿಗೆ ಅದನ್ನು ಇಟ್ಟುಕೊಳ್ಳುವ ಪರವಾನಗಿ ಕೊಡಲಾಯಿತು. ಕರ್ನಾಟಕ ದಕ್ಷಿಣ ಮತ್ತು ಪೂರ್ವದ ರಾಜ್ಯಗಳಿರುವ ಎರಡನೆಯ ವಲಯಕ್ಕೆ ಸೇರಿದೆ. ಕಂಪೆನಿ ಬದಲಿಸಿದ ಪ್ರತಿ ನಂಬರಿನ ಎದುರು ಅದು ಈಗ ಯಾವ ಜಾಲದಲ್ಲಿದೆ ಎಂಬ ಸಂಕೇತ ಅಲ್ಲಿ ಬರೆದಿರುತ್ತದೆ. ಪ್ರತಿಯೊಂದು ಕಂಪೆನಿಯೂ ಆ ಪುಸ್ತಕದ ನಕಲು ತನ್ನಲ್ಲಿ ಇಟ್ಟುಕೊಂಡು, ಕರೆ ಮಾಡಿದವನ ಕಡೆಯಿಂದಲೇ ಪ್ರತಿ ಕರೆಗೂ ಅದನ್ನು ನೋಡಿಕೊಂಡು ದಾರಿ ತೋರಿಸುತ್ತದೆ. ಫೋನು ರಿಂಗಾಗುವ ಮೊದಲಿನ ಕ್ಷಣದಲ್ಲಿ ಇಷ್ಟೂ ಮುಗಿದಿರುತ್ತದೆ.

ಇದರಿಂದ ಒಂದು ಮುಖ್ಯ ಪರಿಣಾಮವುಂಟು. ಹಳೆಯ ಕಂಪೆನಿ ಕರೆಯ ದಾರಿಯಲ್ಲಿ ಇರಲೇಬೇಕಾಗಿಲ್ಲ. ಅದು ಸತ್ತರೂ ನಂಬರು ಬದುಕುತ್ತದೆ, ಪುಸ್ತಕದಲ್ಲಿ ಹೊಸ ವಿಳಾಸ ಬರೆದಿದ್ದರೆ. ಪ್ರಶ್ನೆ ಇರುವುದು ಬರೆಸುವ ಹಂತದಲ್ಲಿ.

ಆ ಹಂತ ಹೀಗಿತ್ತು. ಗಿರಾಕಿ 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ತನ್ನ ನಂಬರು ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಬೇಕು. ಎಂಟು ಅಕ್ಷರಗಳ ಒಂದು ಕೋಡು ಬರುತ್ತದೆ. ಅದಕ್ಕೆ ಯುಪಿಸಿ ಎಂದು ಹೆಸರು. ಅದನ್ನು ಹೊಸ ಕಂಪೆನಿಯ ಅಂಗಡಿಗೆ ಒಯ್ದು, ಗುರುತಿನ ಚೀಟಿ ಕೊಟ್ಟು ಹೊಸ ಸಿಮ್ ಪಡೆಯಬೇಕು. ಕೋಡನ್ನು ಕೊಡುತ್ತಿದ್ದವರು ಯಾರು? ಬಿಟ್ಟುಹೋಗಬೇಕಾದ ಕಂಪೆನಿಯೇ. ಅದರ ಟವರು ಉರಿಯುತ್ತಿದ್ದರೆ ತಾನೆ ಎಸ್ಸೆಮ್ಮೆಸ್ ಹೋಗುವುದು, ಕೋಡು ಬರುವುದು? ಸಾಯುತ್ತಿರುವವನಿಂದಲೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕಾದ ವಿಚಿತ್ರ ಏರ್ಪಾಡು ಇದು. ಕಾನೂನು ಮಾಡಿದವರು ಬದುಕಿರುವ ಕಂಪೆನಿಗಳ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಕಂಪೆನಿಯ ಸಾವು ಅವರ ಲೆಕ್ಕದಲ್ಲಿರಲಿಲ್ಲ.

ಬಾಗಿಲು ಮುಚ್ಚಿದಾಗ

ಮೊದಲ ಪೆಟ್ಟು ನ್ಯಾಯಾಲಯದಿಂದ ಬಂತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 2008ರಲ್ಲಿ ಹಂಚಿದ 122 ಟೂಜಿ ಪರವಾನಗಿಗಳನ್ನು ರದ್ದು ಮಾಡಿತು. ಕೆಲವು ಕಂಪೆನಿಗಳು ದೇಶವನ್ನೇ ಬಿಟ್ಟವು. ಯುನಿನಾರ್ ಬೇರೆ ರಾಜ್ಯಗಳಲ್ಲಿ ಉಳಿದುಕೊಂಡರೂ ಕರ್ನಾಟಕವನ್ನು ಕೈಬಿಟ್ಟಿತು.

ಎರಡು ವರ್ಷಗಳ ನಂತರದ ಪ್ರಸಂಗ ಮುಂಬಯಿಯದಾದರೂ ಕುಂದಾಪುರ ಸೀಮೆಗೆ ದೂರದ್ದಲ್ಲ. ಮುಂಬಯಿಯಲ್ಲಿ 1995ರಲ್ಲಿ ಆರಂಭವಾದ ಎರಡು ಮೊಬೈಲ್ ಸೇವೆಗಳಲ್ಲಿ ಬಿಪಿಎಲ್ ಒಂದು. 9821ರಿಂದ ಆರಂಭವಾಗುವ ನಂಬರುಗಳು ಅದರವು. ಹಳಬರಾದ ಹೋಟೆಲ್ ಮಾಲಿಕರ ಗಲ್ಲಾಪೆಟ್ಟಿಗೆಯ ಮೇಲಿನ ವಿಸಿಟಿಂಗ್ ಕಾರ್ಡುಗಳಲ್ಲಿ ಆ ಅಂಕಿಗಳಿಗೆ ಒಂದು ಗತ್ತಿತ್ತು. 2009ರಲ್ಲಿ ಅದು ಲೂಪ್ ಎಂದು ಹೆಸರು ಬದಲಿಸಿಕೊಂಡಿತು. 2014ರ ಆರಂಭದಲ್ಲಿ ಏರ್‌ಟೆಲ್ ಅದನ್ನು ಕೊಳ್ಳುವ ಮಾತಾಯಿತು, ಆ ವರ್ಷದ ನವೆಂಬರಿನಲ್ಲಿ ಮಾತು ಮುರಿಯಿತು. ಲೂಪಿನ ಪರವಾನಗಿಯ ಅವಧಿ ನವೆಂಬರ್ 29ಕ್ಕೆ ಮುಗಿಯುವುದಿತ್ತು. ಏರ್‌ಟೆಲ್‌ಗೆ ತಾವಾಗಿಯೇ ಸೇರುತ್ತೇವೆ ಎಂದು ನಿಶ್ಚಿಂತರಾಗಿದ್ದ ಲಕ್ಷಾಂತರ ಗಿರಾಕಿಗಳಿಗೆ ಕೆಲವೇ ವಾರ ಉಳಿದವು. ಕೊಟ್ಟಿಗೆ ಮಾರಾಟವಾಗುತ್ತದೆ ಎಂದು ಕಾದವರ ಪಾಡು.

ನಿಜವಾದ ಪ್ರಳಯ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಉಚಿತ ಕರೆ, ಅಗ್ಗದ ಇಂಟರ್ನೆಟ್ ಎಂದು ಕಾಲಿಟ್ಟ ಮೇಲೆ. ಸಾಲದ ಮೇಲೆ ನಿಂತಿದ್ದ ಕಂಪೆನಿಗಳಿಗೆ ದರಯುದ್ಧದಲ್ಲಿ ಉಸಿರು ನಿಂತಿತು. ರಿಲಯನ್ಸ್ ಕಮ್ಯುನಿಕೇಶನ್ಸ್ 2017ರ ಡಿಸೆಂಬರ್ 1ರಿಂದ ಮೊಬೈಲ್ ಕರೆಯ ಸೇವೆ ನಿಲ್ಲಿಸಿತು. ಬೇರೆಡೆಗೆ ಹೋಗುವವರನ್ನು ಡಿಸೆಂಬರ್ ಕೊನೆಯ ತನಕ ತಡೆಯಬಾರದು ಎಂದು ಟ್ರಾಯ್ ಆದೇಶಿಸಿತು. 2003ರ 501 ರೂಪಾಯಿ ಯೋಜನೆಯಲ್ಲಿ ನಂಬರು ಪಡೆದು ಬಿಡದೆ ಉಳಿಸಿಕೊಂಡವರ ಹದಿನಾಲ್ಕು ವರ್ಷಗಳ ಗುರುತು ಒಂದು ತಿಂಗಳ ಓಡಾಟದ ಮೇಲೆ ನಿಂತಿತ್ತು.

ಎರಡು ತಿಂಗಳಲ್ಲಿ ಏರ್‌ಸೆಲ್ ಸರದಿ. 2018ರ ಜನವರಿಯಲ್ಲಿ ಆರು ವಲಯಗಳಲ್ಲಿ ಸೇವೆ ಮುಚ್ಚಿದ ಅದು ಫೆಬ್ರವರಿ ಕೊನೆಗೆ ದಿವಾಳಿ ಅರ್ಜಿ ಹಾಕಿತು. ಅದರ ತವರಾದ ತಮಿಳುನಾಡಿನಲ್ಲಿ ಟವರುಗಳು ಒಮ್ಮೆಲೇ ಮಂಕಾಗಿ, ಅಂಗಡಿಗಳ ಮುಂದೆ ಜನ ಮುಗಿಬಿದ್ದರು. 1900ಕ್ಕೆ ಎಸ್ಸೆಮ್ಮೆಸ್ ಹೋಗದು, ಹೋದರೆ ಉತ್ತರ ಬಾರದು. ಕೊನೆಗೆ ಟ್ರಾಯ್ ಮಧ್ಯೆ ಬಂದು ಕೋಡುಗಳನ್ನು 2018ರ ಏಪ್ರಿಲ್ 15ರವರೆಗೆ ಊರ್ಜಿತಗೊಳಿಸಿತು. ಅಷ್ಟಕ್ಕೂ ಮುಗಿಯದೆ, 2019ರಲ್ಲಿ ಮತ್ತೊಮ್ಮೆ ಅಕ್ಟೋಬರ್ 31ರ ತನಕ ಅವಕಾಶ ಕೊಟ್ಟಿತು. ಮುಚ್ಚುವಾಗ ಏರ್‌ಸೆಲ್‌ಗೆ ಸುಮಾರು ಒಂಬತ್ತು ಕೋಟಿ ಗಿರಾಕಿಗಳು. ಒಂದೂವರೆ ವರ್ಷದಲ್ಲಿ ನಂಬರು ಉಳಿಸಿಕೊಂಡು ಬೇರೆಡೆ ಹೋದವರು ಎರಡು ಕೋಟಿಯೂ ಆಗಲಿಲ್ಲ. ಉಳಿದ ಏಳು ಕೋಟಿಯೆಲ್ಲ ಅನಾಥರಾದ ಮನುಷ್ಯರೆಂದು ತಿಳಿಯಬೇಕಿಲ್ಲ. ಎರಡು ಸಿಮ್ಮಿನ ಫೋನಿನಲ್ಲಿ ಅಗ್ಗದ ಮಾತಿಗೆಂದು ಹಾಕಿ ಮರೆತ ನಂಬರುಗಳು ಬಹಳ. ಆದರೆ ಅವುಗಳ ನಡುವೆ ಒಂದೇ ನಂಬರು ಇದ್ದವರು, ಓದು ಬಾರದ ಮುದುಕರು, ಸಿಮ್ ಯಾರ ಹೆಸರಿನಲ್ಲಿದೆ ಎಂದೇ ತಿಳಿಯದ ಹೆಂಗಸರು ಖಂಡಿತ ಇದ್ದರು.

ಸಿಡಿಎಂಎ ಎಂಬ ತಂತ್ರಜ್ಞಾನದ ರಿಲಯನ್ಸ್, ಟಾಟಾ ಇಂಡಿಕಾಂ ಗಿರಾಕಿಗಳಿಗೆ ಇನ್ನೊಂದು ತೊಡಕು. ನಂಬರನ್ನು ಒಯ್ಯಬಹುದಿತ್ತು, ಫೋನನ್ನು ಒಯ್ಯುವಂತಿರಲಿಲ್ಲ. ಆ ಫೋನು ಬೇರೆ ಕಂಪೆನಿಗಳ ಜಾಲದಲ್ಲಿ ಕೆಲಸ ಮಾಡದು. ಸಿಮ್ಮಿನ ಜೊತೆ ಫೋನನ್ನೂ ಹೊಸದಾಗಿ ಕೊಳ್ಳಬೇಕಾಯಿತು.

ಹೋದ ನಂಬರು ಎಲ್ಲಿಗೆ?

ನಂಬರು ಕಳೆದುಕೊಂಡರೆ ನೆಂಟರಿಷ್ಟರಿಗೆ ಹೊಸದನ್ನು ತಿಳಿಸಿದರಾಯಿತು ಎಂಬುದು 2000ದ ದಶಕದ ಸಮಾಧಾನ. ಈಗ ಅದು ಸಾಲದು. ಹಳೆಯ ನಂಬರು ಸುಮ್ಮನೆ ಸಾಯುವುದಿಲ್ಲ, ಮರುಹುಟ್ಟು ಪಡೆಯುತ್ತದೆ. ಬದುಕಿರುವ ಕಂಪೆನಿಯಲ್ಲಿಯೂ 90 ದಿನ ಬಳಕೆಯಾಗದ ಪ್ರೀಪೇಯ್ಡ್ ನಂಬರನ್ನು ರದ್ದು ಮಾಡಬಹುದೆಂದು ನಿಯಮವಿದೆ. 20 ರೂಪಾಯಿ ಶಿಲ್ಕಿದ್ದರೆ ಅದನ್ನು ಮುರಿದುಕೊಂಡು ಉಳಿಸಬೇಕು. ರದ್ದಾದ ಮೇಲೆ ಕನಿಷ್ಠ ಇನ್ನೂ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಕೊಡಬಹುದು. ಕಂಪೆನಿ ಬದಲಿಸಿದ ನಂಬರು ರದ್ದಾದರೆ ಅದು ಮೊದಲು ಯಾವ ಕಂಪೆನಿಯ ಕಟ್ಟಿಗೆ ಸೇರಿತ್ತೋ ಅಲ್ಲಿಗೇ ಮರಳುತ್ತದೆ. ಗೇಣಿದಾರ ಬಿಟ್ಟ ಗದ್ದೆ ಮೂಲದವರಿಗೆ ಹೋದಂತೆ.

ಮಗ ಕೊಲ್ಲಿ ದೇಶಕ್ಕೆ ಹೋಗಿ ಊರಿನ ಸಿಮ್ಮನ್ನು ಬೀರುವಿನಲ್ಲಿಟ್ಟ ಮನೆಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಬ್ಯಾಂಕಿನ ಒಟಿಪಿ ಹಳೆಯ ನಂಬರಿಗೇ ಹೋಗುತ್ತಿರುತ್ತದೆ. ಆ ನಂಬರು ಆಗಲೇ ಬೇರೆ ಊರಿನ ಯಾರದೋ ಕೈಯಲ್ಲಿ. ಅವರಿಗೆ ಅಪರಿಚಿತ ಬ್ಯಾಂಕಿನ ಸಂದೇಶ, ಗುರುತಿಲ್ಲದ ನೆಂಟರ ಕರೆ. ವಾಟ್ಸ್ಆ್ಯಪ್‌ನಲ್ಲಿ ಹಳಬರ ಗುಂಪು. ಈ ಸಂಗತಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಳೆಯ ನಂಬರಿನ ವಾಟ್ಸ್ಆ್ಯಪ್ ಖಾತೆಯನ್ನು ಅಳಿಸಿ, ಅದಕ್ಕೆ ಸಂಬಂಧಿಸಿದ ಮಾಹಿತಿಯನ್ನು ತೆಗೆದುಹಾಕುವುದು ಗಿರಾಕಿಯದೇ ಹೊಣೆ ಎಂಬ ಅಭಿಪ್ರಾಯ 2023ರ ನವೆಂಬರಿನಲ್ಲಿ ಅಲ್ಲಿಂದ ಬಂತು. ಬದುಕಿರುವ ಕಂಪೆನಿಯನ್ನು ತಾವಾಗಿ ಬಿಟ್ಟವರಿಗೆ ಇದು ಒಪ್ಪುವ ಮಾತು. ಕಂಪೆನಿಯೇ ಬಿಟ್ಟುಹೋದವರಿಗೆ ಇದನ್ನೇ ಹೇಳುವುದು ಕಷ್ಟ.

ಈಗಿನ ಕ್ರಮ

ಏರ್‌ಸೆಲ್ ಗದ್ದಲದಿಂದ ಕಲಿತದ್ದೂ ಸ್ವಲ್ಪ ಇದೆ. 2019ರ ಡಿಸೆಂಬರ್ 16ರಿಂದ ನಿಯಮ ಬದಲಾಯಿತು. ಎಂಟಕ್ಷರದ ಕೋಡನ್ನು ಈಗ ಹುಟ್ಟಿಸುವುದು ದಾಖಲೆ ಪುಸ್ತಕ ಇಟ್ಟುಕೊಂಡ ಸಂಸ್ಥೆ, ಹಳೆಯ ಕಂಪೆನಿಯಲ್ಲ. ಬಾಕಿ ಬಿಲ್ಲು ಇದೆಯೇ, ನಂಬರು ಪಡೆದು 90 ದಿನವಾಗಿದೆಯೇ, ಹೆಸರು ವರ್ಗಾವಣೆ ನಡೆಯುತ್ತಿದೆಯೇ ಎಂಬುದನ್ನು ಮೊದಲೇ ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಕೋಡು ಬರುತ್ತದೆ. ಮೊದಲು ಕೋಡು ಸಿಕ್ಕಿ, ಅರ್ಜಿ ಕೊಟ್ಟು, ವಾರ ಕಾದ ಮೇಲೆ 'ತಿರಸ್ಕೃತ' ಎಂಬ ಸಂದೇಶ ಬರುತ್ತಿತ್ತು. ಈಗ ಒಂದೇ ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ, ಬೇರೆ ರಾಜ್ಯದಿಂದಾದರೆ ಐದು ದಿನಗಳಲ್ಲಿ ಮುಗಿಯಬೇಕು. 2024ರ ಜುಲೈಯಿಂದ ಇನ್ನೊಂದು ತಡೆ ಸೇರಿದೆ: ಸಿಮ್ ಕಳೆದು ಬದಲಿ ಸಿಮ್ ಪಡೆದ ಏಳು ದಿನಗಳೊಳಗೆ ಕೋಡು ಸಿಗದು. ಕಳ್ಳರು ಇನ್ನೊಬ್ಬರ ನಂಬರಿಗೆ ಬದಲಿ ಸಿಮ್ ಪಡೆದು ಅದನ್ನೇ ಬೇರೆ ಕಂಪೆನಿಗೆ ಸಾಗಿಸುವುದನ್ನು ತಡೆಯಲು ಇದು.

ಕೋಡಿನ ಆಯುಸ್ಸು ಮಾತ್ರ ಮೊದಲಿದ್ದ ಹದಿನೈದು ದಿನದಿಂದ ನಾಲ್ಕು ದಿನಕ್ಕೆ ಇಳಿಯಿತು. ಪಟ್ಟಣದವರಿಗೆ ನಾಲ್ಕು ದಿನ ಧಾರಾಳ. ಆಳಸಮುದ್ರದ ಬೋಟಿನಲ್ಲಿ ಹೋದರೆ ವಾರ, ಹತ್ತು ದಿನಕ್ಕೆ ದಡ ಕಾಣುವವನಿಗೆ ಅಲ್ಲ. ದಡ ಸೇರಿದ ಮೇಲೆಯೇ ಎಸ್ಸೆಮ್ಮೆಸ್ ಕಳುಹಿಸಿ, ಆ ಸಲದ ಬಿಡುವಿನಲ್ಲೇ ಅಂಗಡಿಗೆ ಹೋಗುವುದು ಅವರಿಗೆ ಸರಿಹೋದೀತು. ಮಳೆಗಾಲದ ಜೂನ್, ಜುಲೈ ತಿಂಗಳುಗಳಲ್ಲಿ ಬೋಟು ದಡದಲ್ಲಿರುವಾಗ ಇಂಥ ಕೆಲಸಗಳನ್ನೆಲ್ಲ ಮುಗಿಸಿಕೊಳ್ಳುವುದು ಇನ್ನೂ ಸಲೀಸು.

ಹಳೆಯ ಸಿಮ್ಮಿನಲ್ಲಿ ಉಳಿದ ದುಡ್ಡು, ತಿಂಗಳಿನ ಪ್ಯಾಕು ಹೊಸ ಕಂಪೆನಿಗೆ ಬರುವುದಿಲ್ಲ. ಸಿಮ್ಮಿನಲ್ಲೇ ಬರೆದಿಟ್ಟ ನೆಂಟರ ನಂಬರುಗಳೂ ಬರುವುದಿಲ್ಲ. ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಬದಲಾವಣೆಯ ದಿನ ಕೆಲವು ಗಂಟೆ ಎರಡು ಸಿಮ್ಮೂ ಮೂಕವಾಗಿರುತ್ತವೆ. ಯಾವ ಕಂಪೆನಿ ಎಂಬುದನ್ನು ಜಾಹೀರಾತು ನೋಡಿ ಅಲ್ಲ, ಮನೆಯ ಜಗಲಿಯಲ್ಲಿ ಯಾರ ಸಿಗ್ನಲ್ ನಿಲ್ಲುತ್ತದೆ ಎಂದು ನೆರೆಯವರ ಫೋನಿನಲ್ಲಿ ನೋಡಿ ನಿರ್ಧರಿಸುವುದು ವಾಸಿ. ಹೆದ್ದಾರಿ ಬದಿಯಲ್ಲಿ ಎಲ್ಲವೂ ಚೆನ್ನಾಗಿರುತ್ತವೆ. ಕೊಲ್ಲೂರಿನ ಕಡೆ, ಘಟ್ಟದ ಬುಡಕ್ಕೆ ಹೋದಂತೆ ಆಯ್ಕೆ ತೆಳುವಾಗುತ್ತದೆ. ಹಾಗೆ ನೋಡಿದರೆ ಆಯ್ಕೆ ಎಲ್ಲೆಡೆಯೂ ತೆಳುವಾಗಿದೆ: ಹತ್ತು ಫಲಕ ತೂಗುತ್ತಿದ್ದಲ್ಲಿ ಈಗ ಜಿಯೊ, ಏರ್‌ಟೆಲ್, ವಿಐ, ಬಿಎಸ್ಸೆನ್ನೆಲ್ ಎಂಬ ನಾಲ್ಕೇ. 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪೆನಿಗಳು ಒಟ್ಟೊಟ್ಟಿಗೆ ದರ ಏರಿಸಿದಾಗ ಬಹಳ ಮಂದಿ ಬಿಎಸ್ಸೆನ್ನೆಲ್ ಕಡೆ ತಿರುಗಿದರು. ನಂಬರು ಒಯ್ಯುವ ಹಕ್ಕು ಇದ್ದರೂ ಒಯ್ಯಲು ಜಾಗಗಳು ಬೇಕಲ್ಲ.

ಈ ಹಕ್ಕು ಮೊಬೈಲಿಗೆ ಮಾತ್ರ. 08254ರ ತಂತಿಯ ಫೋನಿಗೆ ಅದು ಬಂದಿಲ್ಲ. ಮನೆ ಮಂದಿಯೆಲ್ಲ ಮೊಬೈಲು ಹಿಡಿದ ಮೇಲೆ ಬಾಡಿಗೆ ದಂಡವೆಂದು ಒಪ್ಪಿಸಿಬಿಟ್ಟ ಆ ಫೋನುಗಳ ನಂಬರು ತಂತಿಯ ಜೊತೆಗೇ ಹೋಯಿತು. ಊರು ಬಿಟ್ಟವರ ಹಳೆಯ ಡೈರಿಗಳಲ್ಲಿ ಅವು ಇನ್ನೂ ಇವೆ, ಎದುರಿಗೆ 'ಮನೆ' ಎಂದು ಬರೆದುಕೊಂಡು.